ಹಳೆಯ ಕಂಪ್ಯೂಟರ್ ಕೊಡುವ ಮೊದಲು: ಒಳಗಿರುವುದನ್ನು ನಿಜವಾಗಿ ಅಳಿಸುವುದು ಹೇಗೆ?



ನಾನು ಹುಬ್ಬಳ್ಳಿಯ ಎಪಿಎಂಸಿ ಯಾರ್ಡಿನಲ್ಲಿ ಬೇಳೆಕಾಳಿನ ವ್ಯಾಪಾರ ಮಾಡುವವನು. ಓದಿದ್ದು ಪಿಯುಸಿ ತನಕ. ಕಂಪ್ಯೂಟರ್ ವಿಷಯ ಬರೆಯಲು ಇವನಿಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ತಪ್ಪು ಮಾಡಿ ಕಲಿತವನು ಎಂಬುದಷ್ಟೇ ನನ್ನ ಉತ್ತರ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಅಂಗಡಿಗೆ ಹೊಸ ಕಂಪ್ಯೂಟರ್ ತಂದೆವು. ಹಳೆಯದು ಇನ್ನೂ ಚೆನ್ನಾಗಿಯೇ ಇತ್ತು. ನಮ್ಮ ಸಮಾಜದ ಬೋರ್ಡಿಂಗಿನಲ್ಲಿ ಓದುವ ಹುಡುಗರಿಗೆ ಉಪಯೋಗವಾಗಲಿ ಎಂದು ಕೊಡಲು ನಿರ್ಧರಿಸಿದೆ. ಡಿ ಡ್ರೈವಿನಲ್ಲಿದ್ದ ಫೈಲುಗಳನ್ನು ನಾನೇ ಕೂತು ಒಂದೊಂದಾಗಿ ಡಿಲೀಟ್ ಮಾಡಿದೆ, ರೀಸೈಕಲ್ ಬಿನ್ ಖಾಲಿ ಮಾಡಿದೆ. ಆಮೇಲೆ ರಿಪೇರಿ ಹುಡುಗನನ್ನು ಕರೆಸಿ ಫಾರ್ಮ್ಯಾಟ್ ಹೊಡೆಸಿ, ಹೊಸದಾಗಿ ವಿಂಡೋಸ್ ಹಾಕಿಸಿದೆ. ಎಲ್ಲ ಸ್ವಚ್ಛವಾಯಿತೆಂದು ನೆಮ್ಮದಿಯಿಂದ ಕೊಟ್ಟು ಬಂದೆ.

ನಾಲ್ಕೈದು ತಿಂಗಳ ಮೇಲೆ ಬೋರ್ಡಿಂಗಿನ ಒಬ್ಬ ಹುಡುಗ ಫೋನ್ ಮಾಡಿದ. ಡಿಪ್ಲೊಮಾ ಓದುವವನು. ಅವನು ಬರೆದಿಟ್ಟಿದ್ದ ಪ್ರಾಜೆಕ್ಟ್ ಫೈಲ್ ಕೈತಪ್ಪಿ ಡಿಲೀಟ್ ಆಗಿತ್ತಂತೆ. ಅದನ್ನು ಮರಳಿ ಪಡೆಯಲು ಇಂಟರ್ನೆಟ್ಟಿನಿಂದ ಒಂದು ಉಚಿತ ಸಾಫ್ಟ್‌ವೇರ್ ಇಳಿಸಿ ಹುಡುಕಿದ್ದಾನೆ. ಅವನ ಪ್ರಾಜೆಕ್ಟಿನ ಜೊತೆಗೆ ನಮ್ಮದೂ ಮೇಲೆದ್ದು ಬಂದಿದೆ. "ಕಾಕಾ, ನಿಮ್ಮ ಮನಿ ಕಾಗದಪತ್ರ ಎಲ್ಲಾ ಇದರಾಗ ಬಂದಾವ್ರಿ, ಏನ್ ಮಾಡ್ಲಿ?" ಎಂದ.

ಹೋಗಿ ನೋಡಿದೆ. ಮಗಳ ಮದುವೆಗೆಂದು ಮಾಡಿಸಿದ್ದ ಬಯೋಡೇಟಾ ಇತ್ತು. ಫೋಟೊ, ಜನ್ಮ ಸಮಯ, ಮನೆ ವಿಳಾಸ ಸಮೇತ. ಮನೆಯವರೆಲ್ಲರ ಪ್ಯಾನ್ ಕಾರ್ಡ್ ಇದ್ದವು. ಮಾಲು ಹಾಕಿದ ರೈತರು ರೊಕ್ಕ ಜಮಾ ಮಾಡಲೆಂದು ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊಗಳಿದ್ದವು. ಎಲ್ಲಕ್ಕಿಂತ ನನ್ನ ಎದೆ ಧಸಕ್ ಎಂದದ್ದು ಒಂದು ಫೋಲ್ಡರ್ ಕಂಡಾಗ. ಸಮಾಜದಿಂದ ಶಿಖರ್ಜಿ ಯಾತ್ರೆಗೆ ಹೋದಾಗ ರೈಲು ಟಿಕೆಟ್ಟಿಗೆ, ಧರ್ಮಶಾಲೆಯ ಕೋಣೆಗೆ ಎಂದು ಸ್ವಯಂಸೇವಕನಾಗಿ ನಾನೇ ಸಂಗ್ರಹಿಸಿದ್ದ 52 ಜನರ ಆಧಾರ್ ಪ್ರತಿಗಳು ಅದರಲ್ಲಿದ್ದವು. ಪ್ರತಿಯೊಂದರ ಪಕ್ಕದಲ್ಲಿ ಮೊಬೈಲ್ ನಂಬರ್, ವಯಸ್ಸು, ಯಾರಿಗೆ ಬಿಪಿ, ಯಾರಿಗೆ ಸಕ್ಕರೆ ಕಾಯಿಲೆ ಎಂಬ ಟಿಪ್ಪಣಿ.

ಹುಡುಗ ಸಜ್ಜನ, ಹೇಳಿದ. ಬೇರೆಯವರ ಕೈಗೆ ಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮುಂದಿನ ಸಭೆಯಲ್ಲಿ ಆ ಯಾತ್ರಿಕರಿಗೆಲ್ಲ ವಿಷಯ ತಿಳಿಸಿ ಕ್ಷಮೆ ಕೇಳಿದೆ. ಇಬ್ಬರು ಮೂವರು ಬೇಸರ ಮಾಡಿಕೊಂಡರು, ಅದು ಸಹಜವೇ. ವಯಸ್ಸಾದ ಒಬ್ಬ ತಾಯಿ, "ಏನಪಾ, ನನ್ನ ಪೆನ್ಶನ್ ರೊಕ್ಕಕ್ಕ ಏನರೆ ಆಕ್ಕೈತೇನು?" ಎಂದು ಕೇಳಿದರು. ಬರೀ ಆಧಾರ್ ಪ್ರತಿಯಿಂದ ಬ್ಯಾಂಕಿನ ಹಣ ತೆಗೆಯಲು ಬರುವುದಿಲ್ಲ, ಬೆರಳಚ್ಚೋ ಒಟಿಪಿಯೋ ಬೇಕು ಎಂದು ಸಮಾಧಾನ ಹೇಳಿದೆ. ಆದರೆ ಹೆಸರು, ವಿಳಾಸ, ಹುಟ್ಟಿದ ದಿನ, ಫೋನ್ ನಂಬರ್ ಎಲ್ಲ ಒಂದೇ ಕಡೆ ಸಿಕ್ಕ ಮೋಸಗಾರ "ನಿಮ್ಮ ಬ್ಯಾಂಕಿನಿಂದ ಮಾತಾಡ್ತೀನಿ" ಎಂದು ಫೋನ್ ಮಾಡಿದರೆ, ಇಂಥ ಹಿರಿಯರು ಒಟಿಪಿ ಹೇಳಿಬಿಡುವುದು ಎಷ್ಟು ಹೊತ್ತಿನ ಮಾತು?

ಡಿಲೀಟ್ ಮಾಡಿದ್ದು ಹೇಗೆ ಮರಳಿ ಬಂತು? ನಮ್ಮ ಗೋದಾಮಿನ ಲೆಕ್ಕದಲ್ಲೇ ಹೇಳುತ್ತೇನೆ. ಗೋದಾಮಿನಲ್ಲಿ ನೂರು ಚೀಲ ತೊಗರಿ ಇದೆ, ಯಾವ ಸಾಲಿನಲ್ಲಿ ಯಾವ ಮಾಲು ಎಂದು ದಾಸ್ತಾನು ಪುಸ್ತಕದಲ್ಲಿ ಬರೆದಿದೆ. ನೀವು ಪುಸ್ತಕದಲ್ಲಿ ತೊಗರಿಯ ಸಾಲಿಗೆ ಗೀಟು ಹಾಕಿ "ಜಾಗ ಖಾಲಿ" ಎಂದು ಬರೆದರೆ ಚೀಲಗಳು ಮಾಯವಾಗುತ್ತವೆಯೇ? ಅಲ್ಲೇ ಇರುತ್ತವೆ. ಆ ಜಾಗಕ್ಕೆ ಹೊಸ ಮಾಲು ಬಂದು ಇಳಿಯುವ ತನಕ, ಪುಸ್ತಕ ನೋಡದೆ ನೇರವಾಗಿ ಒಳಗೆ ಹೊಕ್ಕವನಿಗೆ ಎಲ್ಲವೂ ಸಿಗುತ್ತದೆ. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಎಂದರೆ ಇಷ್ಟೇ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದರೂ ಅಷ್ಟೇ. "ಕ್ವಿಕ್ ಫಾರ್ಮ್ಯಾಟ್" ಎನ್ನುವುದು ದಾಸ್ತಾನು ಪುಸ್ತಕವನ್ನೇ ಬದಲಿಸಿ ಹೊಸದು ಇಟ್ಟ ಹಾಗೆ, ಚೀಲ ಮುಟ್ಟುವುದಿಲ್ಲ.

ಅದರ ಮೇಲೆ ನಮ್ಮ ಕಡೆಯ ಇನ್ನೊಂದು ರೂಢಿ ಇದೆ. ರಿಪೇರಿಯವರು ಫಾರ್ಮ್ಯಾಟ್ ಎಂದರೆ ಸಾಮಾನ್ಯವಾಗಿ ಸಿ ಡ್ರೈವ್ ಮಾತ್ರ ಮಾಡುತ್ತಾರೆ. ಡಿ, ಇ ಡ್ರೈವುಗಳನ್ನು ಮುಟ್ಟುವುದಿಲ್ಲ, ಏಕೆಂದರೆ ಗಿರಾಕಿಗಳ ಫೈಲುಗಳು ಅಲ್ಲಿರುತ್ತವೆ, ಉಳಿಸುವುದೇ ಅವರ ಕೆಲಸ. ತಪ್ಪು ಅವರದಲ್ಲ. ರಿಪೇರಿಗೆ ಫಾರ್ಮ್ಯಾಟ್ ಮಾಡುವುದೇ ಬೇರೆ, ಇನ್ನೊಬ್ಬರಿಗೆ ಕೊಡಲು ಅಳಿಸುವುದೇ ಬೇರೆ ಎಂದು ನಾವು ಹೇಳಿರುವುದಿಲ್ಲ.

ಇದು ನಮ್ಮೂರಿನ ತಪ್ಪು ಮಾತ್ರವಲ್ಲ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು ಹಳೆಯ ಸಾಮಾನಿನ ಮಾರುಕಟ್ಟೆಯಿಂದ 158 ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷೆ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು. ಸರಿಯಾಗಿ ಅಳಿಸಿದ್ದವು ಬರೀ 12! ಒಂದು ಡಿಸ್ಕ್ ಬ್ಯಾಂಕಿನ ಎಟಿಎಂ ಯಂತ್ರದ್ದಾಗಿತ್ತು, ಅದರಲ್ಲಿ ಗ್ರಾಹಕರ ಖಾತೆ ನಂಬರುಗಳು ಹಾಗೇ ಇದ್ದವು. ಬ್ಯಾಂಕಿನವರ ಯಂತ್ರದ ಕಥೆಯೇ ಹೀಗಿದ್ದರೆ ಅಂಗಡಿಯವರದ್ದೇನು?

ಈ ಮಾತು ಈಗ ಬರೆಯಲು ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆಯ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11 ಏರುವುದಿಲ್ಲ. ಹಾಗಾಗಿ ಅಂಗಡಿಗಳಲ್ಲಿ, ಮನೆಗಳಲ್ಲಿ ಹೊಸದು ಬರುತ್ತಿದೆ, ಹಳೆಯದು ಹೊರಗೆ ಹೋಗುತ್ತಿದೆ. ದಾನ ಕೊಡುವವರೂ ಹೆಚ್ಚಾಗಿದ್ದಾರೆ, ಎಕ್ಸ್‌ಚೇಂಜಿಗೆ ಹಾಕುವವರೂ ಹೆಚ್ಚಾಗಿದ್ದಾರೆ. ಇನ್ನು ಕೆಲವರು ಹೆದರಿ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದಾರೆ. ಅಲ್ಲಿ ಅದು ಧೂಳು ತಿನ್ನುತ್ತದೆ, ಇಲ್ಲಿ ಆರು ಹುಡುಗರು ಒಂದೇ ಯಂತ್ರಕ್ಕೆ ಪಾಳಿ ಕಾಯುತ್ತಾರೆ. ಹೆದರಬೇಕಾಗಿಲ್ಲ. ಒಂದು ದಿನದ ಕೆಲಸ, ಅಷ್ಟೇ.

ಮೊದಲ ಕೆಲಸ ಅಳಿಸುವುದಲ್ಲ, ಬೇಕಾದ್ದನ್ನು ಉಳಿಸಿಕೊಳ್ಳುವುದು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೋ ಹೊಸ ಕಂಪ್ಯೂಟರಿಗೋ ಎಲ್ಲ ನಕಲು ಮಾಡಿಕೊಳ್ಳಿ. ಮಾಡಿಕೊಂಡ ಮೇಲೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ನನ್ನ ಪರಿಚಯದ ವ್ಯಾಪಾರಿಯೊಬ್ಬರು ಡೆಸ್ಕ್‌ಟಾಪಿನ ಮೇಲಿದ್ದ ಟ್ಯಾಲಿ ಐಕಾನನ್ನು ಪೆನ್‌ಡ್ರೈವಿಗೆ ಹಾಕಿಕೊಂಡು "ಟ್ಯಾಲಿ ತಗೊಂಡೆ" ಎಂದುಕೊಂಡರು. ಪೆನ್‌ಡ್ರೈವಿನಲ್ಲಿ ಇದ್ದದ್ದು ಬರೀ ಶಾರ್ಟ್‌ಕಟ್. ಎರಡು ವರ್ಷದ ಲೆಕ್ಕವನ್ನು ಬಿಲ್ಲುಗಳಿಂದ ಮತ್ತೆ ಬರೆಸಬೇಕಾಯಿತು. ಟ್ಯಾಲಿಯ ಒಳಗೇ ಇರುವ ಬ್ಯಾಕಪ್ ಉಪಯೋಗಿಸಿ, ಹೊಸ ಯಂತ್ರದಲ್ಲಿ ರೀಸ್ಟೋರ್ ಮಾಡಿ, ಕೊನೆಯ ವೋಚರ್ ತನಕ ಇದೆಯೇ ಎಂದು ನೋಡಿಕೊಳ್ಳಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಲೇಬೇಕು. ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಫೈಲುಗಳಿದ್ದರೆ ಆ ಫಾಂಟುಗಳನ್ನೂ ಹೊಸ ಯಂತ್ರಕ್ಕೆ ಹಾಕಿಸಿ, ಇಲ್ಲದಿದ್ದರೆ ಅಕ್ಷರದ ಬದಲು ಗೀಚು ಕಾಣುತ್ತದೆ.

ಆಮೇಲೆ ಒಂದೊಂದು ಖಾತೆಯಿಂದ ಹೊರಗೆ ಬನ್ನಿ. ಟ್ಯಾಲಿ ಲೈಸೆನ್ಸನ್ನು ಹಳೆಯ ಯಂತ್ರದಲ್ಲೇ "ಸರೆಂಡರ್" ಮಾಡಬೇಕು, ಆಗಲೇ ಹೊಸದರಲ್ಲಿ ಸರಾಗವಾಗಿ ಚಾಲೂ ಆಗುತ್ತದೆ. ಜಿಮೇಲ್, ಮೈಕ್ರೋಸಾಫ್ಟ್ ಖಾತೆಗಳಿಂದ ಸೈನ್ ಔಟ್ ಆಗಿ. ಮೊಬೈಲಿನ ವಾಟ್ಸ್ಆ್ಯಪಿನಲ್ಲಿ "ಲಿಂಕ್ಡ್ ಡಿವೈಸಸ್" ಎಂಬಲ್ಲಿ ಆ ಕಂಪ್ಯೂಟರಿನ ಹೆಸರು ಒತ್ತಿ ಲಾಗ್ ಔಟ್ ಮಾಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಿಂದುಗಡೆಯ ಸಂದಿಯಲ್ಲಿ ಸಿಕ್ಕಿಕೊಂಡೇ ಉಳಿದಿರುತ್ತದೆ, ತಡವಿ ನೋಡಿ. ಡಿವಿಡಿ ಟ್ರೇ ಕೂಡ ಒಮ್ಮೆ ತೆರೆದು ನೋಡಿ. ಬೋರ್ಡಿಂಗಿಗೆ ಬಂದ ಒಂದು ಯಂತ್ರದಲ್ಲಿ ಯಾರದೋ ಮದುವೆಯ ಸಿಡಿ ಸಿಕ್ಕಿತ್ತು.

ಈಗ ಅಳಿಸುವ ಕೆಲಸ. ಒಳಗಿರುವುದು ಯಾವ ಡಿಸ್ಕ್ ಎಂದು ಮೊದಲು ತಿಳಿಯಬೇಕು, ಏಕೆಂದರೆ ಎರಡಕ್ಕೂ ದಾರಿ ಬೇರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ "ಪರ್ಫಾರ್ಮೆನ್ಸ್" ಎಂಬಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಎಂದು ಬರೆದಿರುತ್ತದೆ. ಎಚ್‌ಡಿಡಿ ಎಂದರೆ ತಟ್ಟೆ ತಿರುಗುವ ಹಳೆಯ ಬಗೆ. ಎಸ್‌ಎಸ್‌ಡಿ ಎಂದರೆ ಪೆನ್‌ಡ್ರೈವಿನ ಹಾಗೆ ಚಿಪ್ಪಿನಲ್ಲಿ ಬರೆಯುವ ಹೊಸ ಬಗೆ. ಕೆಲವು ಯಂತ್ರಗಳಲ್ಲಿ ಎರಡೂ ಇರುತ್ತವೆ.

ಎಚ್‌ಡಿಡಿ ಆದರೆ ಕೆಲಸ ಸುಲಭ, ಸಮಯ ಮಾತ್ರ ಬೇಕು. ಚೀಲ ತೆಗೆಯಲು ಬರುವುದಿಲ್ಲ ಎಂದರೆ ಅದೇ ಜಾಗಕ್ಕೆ ಬೇರೆ ಮಾಲು ಇಳಿಸಬೇಕು, ಅಂದರೆ ಡಿಸ್ಕಿನ ತುಂಬ ಸೊನ್ನೆ ಬರೆಯಬೇಕು. "ದಿಸ್ ಪಿಸಿ"ಯಲ್ಲಿ ಡಿ ಡ್ರೈವಿನ ಮೇಲೆ ಮೌಸಿನ ಬಲಗುಂಡಿ ಒತ್ತಿ "ಫಾರ್ಮ್ಯಾಟ್" ಆರಿಸಿ. ಅಲ್ಲಿ "ಕ್ವಿಕ್ ಫಾರ್ಮ್ಯಾಟ್" ಎಂಬುದರ ಮುಂದೆ ಮೊದಲೇ ಟಿಕ್ ಇರುತ್ತದೆ. ಆ ಟಿಕ್ ತೆಗೆಯುವುದೇ ಮುಖ್ಯ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಟಿಕ್ ತೆಗೆದು ಮಾಡಿದ ಪೂರ್ಣ ಫಾರ್ಮ್ಯಾಟ್ ಇಡೀ ಡ್ರೈವಿನ ಮೇಲೆ ಸೊನ್ನೆ ಬರೆಯುತ್ತದೆ. ಇ ಡ್ರೈವ್ ಇದ್ದರೆ ಅದಕ್ಕೂ ಹೀಗೆಯೇ ಮಾಡಿ. ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಕರೆಂಟು ಹೋಗುವ ಊರಾದರೆ ಯುಪಿಎಸ್ ಇರಲಿ.

ಸಿ ಡ್ರೈವಿನಲ್ಲಿ ವಿಂಡೋಸ್ ಓಡುತ್ತಿರುವುದರಿಂದ ಅದನ್ನು ಹೀಗೆ ಅಳಿಸಲು ಬರುವುದಿಲ್ಲ. ಕುಳಿತ ಕೊಂಬೆಯನ್ನು ಕಡಿಯಲು ಬಿಡುವುದಿಲ್ಲ ಅದು. ಅದಕ್ಕೆ ಸೆಟ್ಟಿಂಗ್ಸಿನಲ್ಲಿ "ರಿಕವರಿ" ಎಂಬಲ್ಲಿ "ರೀಸೆಟ್ ದಿಸ್ ಪಿಸಿ" ಇದೆ. ವಿಂಡೋಸ್ 10ರಲ್ಲಿ ಇದು "ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ" ಒಳಗೆ, 11ರಲ್ಲಿ "ಸಿಸ್ಟಮ್" ಒಳಗೆ ಸಿಗುತ್ತದೆ. "ರಿಮೂವ್ ಎವ್ರಿಥಿಂಗ್" ಆರಿಸಿ. ಇಲ್ಲಿಗೇ ಮುಂದುವರಿದರೆ ಮತ್ತೆ ಪುಸ್ತಕಕ್ಕೆ ಗೀಟು ಹಾಕಿದಂತೆ ಮಾತ್ರ ಆಗುತ್ತದೆ. "ಚೇಂಜ್ ಸೆಟ್ಟಿಂಗ್ಸ್" ಎಂಬ ಸಣ್ಣ ಅಕ್ಷರ ಕಾಣುತ್ತದೆ, ಅದನ್ನು ಒತ್ತಿ. "ಕ್ಲೀನ್ ಡೇಟಾ" ಎಂಬುದನ್ನು ಯೆಸ್ ಮಾಡಿ. "ಎಲ್ಲ ಡ್ರೈವುಗಳಿಂದ ಅಳಿಸಬೇಕೆ" ಎಂದು ಇಂಗ್ಲಿಷಿನಲ್ಲಿ ಕೇಳುವುದಕ್ಕೂ ಯೆಸ್ ಕೊಡಿ. ವಿಂಡೋಸ್ 10ರ ಹಳೆಯ ಆವೃತ್ತಿಗಳಲ್ಲಿ ಪದಗಳು ಸ್ವಲ್ಪ ಬೇರೆ ಇರಬಹುದು, ಆದರೆ ಬರೀ ಫೈಲ್ ತೆಗೆಯುವುದು ಒಂದು, ಡ್ರೈವನ್ನು ಕ್ಲೀನ್ ಮಾಡುವುದು ಇನ್ನೊಂದು ಎಂದು ಎರಡು ಆಯ್ಕೆ ಇರುತ್ತದೆ. ಎರಡನೆಯದೇ ನಮಗೆ ಬೇಕಾದ್ದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಚ್ಚಿಟ್ಟು ರಾತ್ರಿ ಶುರು ಮಾಡಿ ಮಲಗಿ.

ಕಂಪ್ಯೂಟರಿನಲ್ಲಿ ನಮ್ಮ ಯೂಸರ್ ಖಾತೆಯನ್ನು ಮಾತ್ರ ತೆಗೆದು ಹೊಸ ಖಾತೆ ಮಾಡಿಕೊಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ವ್ಯಾಪಾರಿಗಳಿಗಂತೂ ಸಾಲುವುದೇ ಇಲ್ಲ. ಟ್ಯಾಲಿ ತನ್ನ ಲೆಕ್ಕವನ್ನು ರೂಢಿಯಂತೆ "ಪಬ್ಲಿಕ್" ಎಂಬ ಫೋಲ್ಡರಿನೊಳಗೆ ಇಡುತ್ತದೆ. ಅದು ಯಾವೊಬ್ಬ ಯೂಸರಿನದೂ ಅಲ್ಲ, ಖಾತೆ ತೆಗೆದರೂ ಅದು ಹೋಗುವುದಿಲ್ಲ. ನಿಮ್ಮ ಗಿರಾಕಿಗಳ ಬಾಕಿ, ನಿಮ್ಮ ಖರೀದಿ ದರ, ಎಲ್ಲವೂ ಹೊಸಬರ ಮುಂದೆ ತೆರೆದ ಪುಸ್ತಕವಾಗುತ್ತದೆ.

ಎಷ್ಟು ಸಲ ಅಳಿಸಬೇಕು ಎಂಬುದರ ಬಗ್ಗೆಯೂ ಜನ ಒಂದೊಂದು ಹೇಳುತ್ತಾರೆ. ಏಳು ಸಲ ಎನ್ನುವವರಿದ್ದಾರೆ, 35 ಸಲ ಎನ್ನುವವರಿದ್ದಾರೆ. ಈ 35 ಬಂದದ್ದು ಪೀಟರ್ ಗಟ್‌ಮನ್ ಎಂಬ ವಿಜ್ಞಾನಿ 1996ರಲ್ಲಿ ಬರೆದ ಪ್ರಬಂಧದಿಂದ. ಆ ಕಾಲದ ಬೇರೆ ಬೇರೆ ತರಹದ ಡಿಸ್ಕುಗಳನ್ನೆಲ್ಲ ಗಮನದಲ್ಲಿಟ್ಟು ಮಾಡಿದ ಪಟ್ಟಿ ಅದು. ಈಗಿನ ಹಾರ್ಡ್ ಡಿಸ್ಕಿಗೆ ಅದು ಬೇಕಿಲ್ಲ. ಅಮೆರಿಕ ಸರಕಾರದ ಎನ್ಐಎಸ್‌ಟಿ ಸಂಸ್ಥೆ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹಾರ್ಡ್ ಡಿಸ್ಕಿನ ಮೇಲೆ ಸಾಮಾನ್ಯವಾಗಿ ಒಂದು ಸಲ ಪೂರ್ತಿಯಾಗಿ ಬರೆದರೆ ಸಾಕು ಎಂದಿತ್ತು. ಮನೆ, ಅಂಗಡಿಯ ಯಂತ್ರಕ್ಕೆ ಅಷ್ಟು ಧಾರಾಳ.

ಎಸ್‌ಎಸ್‌ಡಿ ಮಾತ್ರ ಬೇರೆ ಜಾತಿ. ಚಿಪ್ಪಿನ ಒಂದೇ ಜಾಗ ಬೇಗ ಸವೆಯಬಾರದೆಂದು ಅದು ತಾನೇ ಜಾಗ ಬದಲಿಸುತ್ತಾ ಬರೆಯುತ್ತದೆ. ಕಾಣದ ಒಂದಿಷ್ಟು ಹೆಚ್ಚುವರಿ ಜಾಗವನ್ನೂ ಇಟ್ಟುಕೊಂಡಿರುತ್ತದೆ. ನೀವು ಇಲ್ಲಿ ಸೊನ್ನೆ ಬರೆ ಎಂದರೆ ಅದು ಇನ್ನೆಲ್ಲೋ ಬರೆದು ಹಳೆಯದನ್ನು ಎಲ್ಲೋ ಉಳಿಸಿಕೊಂಡಿರಬಹುದು. ಆದ್ದರಿಂದ ಇಲ್ಲಿ ಉಪಾಯ ಬೇರೆ: ಮೊದಲು ಎಲ್ಲವನ್ನೂ ತಿಜೋರಿಗೆ ಹಾಕಿ ಬೀಗ ಹಾಕುವುದು, ಆಮೇಲೆ ಕೀಲಿಕೈಯನ್ನೇ ಇಲ್ಲದಂತೆ ಮಾಡುವುದು. ವಿಂಡೋಸ್ ಪ್ರೊ ಇದ್ದರೆ "ಬಿಟ್‌ಲಾಕರ್" ಎಂಬುದನ್ನು ಚಾಲೂ ಮಾಡಿ. ಆಗ ಬರೀ ಬಳಸಿದ ಜಾಗಕ್ಕೆ ಸಾಕೇ, ಇಡೀ ಡ್ರೈವಿಗೆ ಬೇಕೇ ಎಂದು ಕೇಳುತ್ತದೆ, ಇಡೀ ಡ್ರೈವ್ ಎನ್ನಿ. ಹೋಮ್ ಆವೃತ್ತಿಯ ಕೆಲವು ಯಂತ್ರಗಳಲ್ಲಿ ಇದೇ ಕೆಲಸಕ್ಕೆ "ಡಿವೈಸ್ ಎನ್‌ಕ್ರಿಪ್ಷನ್" ಇರುತ್ತದೆ. ಬೀಗ ಪೂರ್ತಿ ಬಿದ್ದ ಮೇಲೆ ಮೇಲೆ ಹೇಳಿದ ರೀಸೆಟ್ ಅನ್ನು "ಕ್ಲೀನ್ ಡೇಟಾ" ಸಮೇತ ಮಾಡಿ. ಉಳಿದ ಚೂರುಪಾರು ಯಾರಿಗೆ ಸಿಕ್ಕರೂ ಓದಲು ಬರುವುದಿಲ್ಲ. ಕಂಪನಿ ಕೆಲಸಕ್ಕೆಂದು ಮಾರುವ ಕೆಲವು ಲ್ಯಾಪ್‌ಟಾಪುಗಳ ಬಯೋಸಿನಲ್ಲಿ "ಸೆಕ್ಯೂರ್ ಇರೇಸ್" ಎಂಬ ಆಯ್ಕೆಯೂ ಇದೆ, ಇದ್ದರೆ ಅದು ಇನ್ನೂ ಒಳ್ಳೆಯದು. ಇವೆರಡನ್ನೂ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವುದು ವಾಸಿ. ನಾನೂ ಅಳಿಯನನ್ನು ಕೂರಿಸಿಕೊಂಡೇ ಮಾಡಿದ್ದು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಆ ಹುಡುಗ ಮಾಡಿದ್ದನ್ನೇ ನೀವೂ ಮಾಡಿ. ರೆಕುವಾ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ಡಿಸ್ಕಿನಲ್ಲಿ ಹಳೆಯದೇನಾದರೂ ಸಿಗುತ್ತದೆಯೇ ಎಂದು ಆಳವಾಗಿ ಹುಡುಕಿಸಿ. ನಿಮ್ಮ ಫೋಟೊ, ನಿಮ್ಮ ಬಿಲ್ಲು ಒಂದೂ ತೆರೆಯದಿದ್ದರೆ ಧೈರ್ಯದಿಂದ ಕೊಡಬಹುದು.

ಯಂತ್ರ ಚಾಲೂ ಆಗುವುದೇ ಇಲ್ಲ ಎಂದರೆ? ಡಬ್ಬಿ ಕೆಟ್ಟರೂ ಡಿಸ್ಕ್ ಚೆನ್ನಾಗಿರುತ್ತದೆ, ಬೇರೆ ಕಂಪ್ಯೂಟರಿಗೆ ಹಚ್ಚಿದರೆ ಎಲ್ಲ ಕಾಣುತ್ತದೆ. ಆದ್ದರಿಂದ ಡಿಸ್ಕ್ ಬಿಚ್ಚಿಕೊಂಡು ಉಳಿದದ್ದನ್ನು ಕೊಡಿ. ಡೆಸ್ಕ್‌ಟಾಪಿನಲ್ಲಿ ನಾಲ್ಕು ಸ್ಕ್ರೂ, ಎರಡು ಕೇಬಲ್, ಅಷ್ಟೇ. ಅಳಿಸುವುದರಲ್ಲಿ ಭರವಸೆ ಬಾರದವರೂ ಹೀಗೇ ಮಾಡಬಹುದು, ಪಡೆಯುವವರು ಹೊಸ ಡಿಸ್ಕ್ ಹಾಕಿಸಿಕೊಳ್ಳುತ್ತಾರೆ. ಅಯಸ್ಕಾಂತ ತಿಕ್ಕಿದರೆ ಅಳಿಯುತ್ತದೆ ಎಂದು ಒಬ್ಬರು ವಾದಿಸಿದರು, ಮನೆಯ ಅಯಸ್ಕಾಂತದಿಂದ ಏನೂ ಆಗುವುದಿಲ್ಲ. ಕೆಟ್ಟ ಡಿಸ್ಕನ್ನು ಡ್ರಿಲ್ಲಿನಿಂದ ತೂತು ಮಾಡಬಹುದು. ಆದರೆ ಅದನ್ನು ಕಸದ ಗಾಡಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು.

ಅಂಗಡಿಯವರಿಗೆ ಇನ್ನೆರಡು ಸಾಮಾನು ನೆನಪಿಸಬೇಕು. ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯಲ್ಲೂ ಹಾರ್ಡ್ ಡಿಸ್ಕ್ ಇದೆ. ಗಲ್ಲಾಪೆಟ್ಟಿಗೆ, ಬರುವ ಹೋಗುವ ಹೆಣ್ಣುಮಕ್ಕಳು ಎಲ್ಲರ ಚಿತ್ರ ಅದರಲ್ಲಿರುತ್ತದೆ. ದೊಡ್ಡ ಝೆರಾಕ್ಸ್ ಯಂತ್ರಗಳಲ್ಲೂ ಎಷ್ಟೋ ವೇಳೆ ಡಿಸ್ಕ್ ಇರುತ್ತದೆ. ಎಕ್ಸ್‌ಚೇಂಜಿಗೆ ಹಾಕುವಾಗ ಇವುಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಸಂಘ, ಟ್ರಸ್ಟುಗಳ ಕಾರ್ಯಕರ್ತರಿಗೆ ನನ್ನದೊಂದು ವಿನಂತಿ. ವಧೂವರರ ಮಾಹಿತಿ, ವಿದ್ಯಾರ್ಥಿವೇತನದ ಅರ್ಜಿ, ಯಾತ್ರೆಯ ಪಟ್ಟಿ ಇವೆಲ್ಲ ನಮ್ಮ ಸ್ವಂತದ್ದಲ್ಲ, ಜನ ನಂಬಿ ಕೊಟ್ಟದ್ದು. 2023ರಲ್ಲಿ ನಮ್ಮ ದೇಶದಲ್ಲೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸಂಗ್ರಹಿಸಿದ ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ಈಗ ನಮ್ಮ ಯಾತ್ರಾ ತಂಡದಲ್ಲಿ, ವಸತಿಯವರು ಒಪ್ಪುವ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳುತ್ತೇವೆ. ಅದನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಊರಿಗೆ ಮರಳಿ ಲೆಕ್ಕ ಒಪ್ಪಿಸಿದ ದಿನ ಫೋಲ್ಡರ್ ಅಳಿಸುತ್ತೇವೆ. ಬೆರಳಚ್ಚಿನ ಭಯ ಇದ್ದವರಿಗೆ ಆಧಾರಿನ ಬಯೋಮೆಟ್ರಿಕ್ ಲಾಕ್ ಹಾಕಿಕೊಳ್ಳಲು ಹೇಳುತ್ತೇವೆ. ಆ ತಾಯಿಗೆ ಮೊದಲು ಹಾಕಿಕೊಟ್ಟೆವು.

ಫೋನ್ ಮಾಡಿದ ಆ ಹುಡುಗ ಈಗ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಬೋರ್ಡಿಂಗಿನಲ್ಲಿ ಬಂದ ಯಂತ್ರಗಳನ್ನು ಕೊಟ್ಟವರ ಎದುರಿಗೇ ಅಳಿಸಿ, ವಿಂಡೋಸ್ 11 ಏರದವುಗಳಿಗೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತಾನೆ. ಅದು ಉಚಿತ, ಕನ್ನಡ ಟೈಪಿಂಗೂ ಆಗುತ್ತದೆ. ನಿಮ್ಮ ಊರಿನ ಬೋರ್ಡಿಂಗಿಗೋ ಶಾಲೆಗೋ ಲ್ಯಾಪ್‌ಟಾಪ್ ಕೊಡುವವರು ಪಾಸ್‌ವರ್ಡ್ ನೆನಪಿಟ್ಟುಕೊಂಡು ತಾವೇ ಹೋಗಿ, ಚಾರ್ಜರ್ ಮರೆಯಬೇಡಿ. ನಮ್ಮಲ್ಲಿಗೆ ಕಳೆದ ಸಲ ಬಂದ ಮೂರರಲ್ಲಿ ಎರಡಕ್ಕೆ ಚಾರ್ಜರ್ ಇರಲಿಲ್ಲ.